ಡ್ರಮ್ ನಿಧಾನವಾಗಲಿ, ಮೋಟಾರ್ ತನ್ನ ವೇಗದಲ್ಲೇ ಓಡಲಿ



ನಮ್ಮ ಊಟಿ, ಕೇತಿ ಪಾಲಡ ಕಡೆಯ ಕ್ಯಾರೆಟ್ ಮಣ್ಣು ತೊಳೆದ ಮೇಲೆಯೇ ಮಂಡಿಗೆ ಹೋಗುವುದು. ಕೈಯಲ್ಲಿ ತೊಳೆಯುತ್ತಿದ್ದ ಕೆಲಸವನ್ನು ಈಗ ಡ್ರಮ್ ಯಂತ್ರಗಳು ಮಾಡುತ್ತಿವೆ. ಡ್ರಮ್ ಅತಿ ವೇಗವಾಗಿ ತಿರುಗಿದರೆ ಕ್ಯಾರೆಟ್ ಮುರಿಯುತ್ತದೆ, ಬೆಲೆಯೂ ಇಳಿಯುತ್ತದೆ. ಅದನ್ನು ನಿಧಾನ ಮಾಡಲು ಹೋಗಿ ಮೋಟಾರ್ ಸುಟ್ಟುಕೊಳ್ಳುವವರಿದ್ದಾರೆ. ಆದ್ದರಿಂದ ಈ ಸಲ ಅದೇ ವಿಷಯವನ್ನು ಬರೆಯುತ್ತಿದ್ದೇವೆ.

ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಅದರಲ್ಲಿ 4 ಪೋಲ್ ಮೋಟಾರ್ ನಿಮಿಷಕ್ಕೆ ಸುಮಾರು 1440 ಸುತ್ತು, 6 ಪೋಲ್ ಮೋಟಾರ್ ಸುಮಾರು 960 ಸುತ್ತು ತಿರುಗುತ್ತದೆ. ನಮ್ಮ ಡ್ರಮ್ಮಿಗೆ 30 ಸುತ್ತು ಸಾಕು ಎಂದುಕೊಳ್ಳೋಣ.

ಫ್ಯಾನಿನ ರೆಗ್ಯುಲೇಟರ್ ಹಾಕಿದರೆ ಆಗದೇ? ಆಗದು. ವೋಲ್ಟೇಜ್ ಅರ್ಧವಾದರೆ ತಿರುಗಿಸುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಫ್ಯಾನಿಗೆ ಗಾಳಿಯಷ್ಟೇ ಹೊರೆ. ತುಂಬಿದ ಡ್ರಮ್ಮಿನ ಭಾರ ನಿಧಾನವಾದರೂ ಕಡಿಮೆಯಾಗುವುದಿಲ್ಲ. ಮೋಟಾರ್ ಮುಕ್ಕರಿಯುತ್ತಾ ಕಾದು ಸುಡುತ್ತದೆ.

ಸರಿಯಾದ ದಾರಿ ಪುಲ್ಲಿ ಮತ್ತು ಗೇರ್ ಬಾಕ್ಸ್. ಮೋಟಾರಿಗೆ 3 ಇಂಚಿನ ಪುಲ್ಲಿ, ಗೇರ್ ಬಾಕ್ಸಿಗೆ 6 ಇಂಚಿನ ಪುಲ್ಲಿ ಹಾಕಿದರೆ 1440 ಸುತ್ತು 720 ಆಗುತ್ತದೆ. 25ಕ್ಕೆ 1ರ ಗೇರ್ ಬಾಕ್ಸ್ ಅದನ್ನು ಸುಮಾರು 29ಕ್ಕೆ ಇಳಿಸುತ್ತದೆ. ಹೀಗೆ ವೇಗ ಇಳಿದಷ್ಟೂ ಬಲ ಹೆಚ್ಚುತ್ತದೆ. ಡ್ರಮ್ ಸಿಕ್ಕಿಕೊಂಡರೆ ಬೆಲ್ಟ್ ಜಾರಿ ಗೇರನ್ನು ಕಾಪಾಡುವುದೂ ಉಂಟು.

ವೇಗವನ್ನು ಆಗಾಗ ಬದಲಿಸಬೇಕಾದವರು ತ್ರೀ ಫೇಸ್ ಮೋಟಾರಿಗೆ ವಿ.ಎಫ್.ಡಿ. ಹಾಕಿಸಬಹುದು. ಅದು ಹರ್ಟ್ಸನ್ನೇ ಬದಲಿಸುತ್ತದೆ. ಆದರೆ ಬಹಳ ನಿಧಾನದಲ್ಲಿ ಗಂಟೆಗಟ್ಟಲೆ ಓಡಿಸಬೇಡಿರಿ. ಮೋಟಾರಿನ ಬೆನ್ನಿಗಿರುವ ಫ್ಯಾನೂ ನಿಧಾನವಾಗಿ ಶಾಖ ಉಳಿಯುತ್ತದೆ. ಗೇರ್ ಬಾಕ್ಸ್ ಇದ್ದೇ ಇರಲಿ, ವಿ.ಎಫ್.ಡಿ. ಸಣ್ಣ ತಿದ್ದುಪಡಿಗೆ ಮಾತ್ರ.

ಸಾಮಾನ್ಯ ಮೋಟಾರುಗಳ ಅಳತೆ ಸಮುದ್ರಮಟ್ಟದಿಂದ 1000 ಮೀಟರ್ ಎತ್ತರದವರೆಗಿನದು. ಊಟಿ 2200 ಮೀಟರಿಗೂ ಮೇಲಿದೆ. ಗಾಳಿ ತೆಳುವಾದರೂ ಇಲ್ಲಿನ ಚಳಿ ಆ ಕೊರತೆಯನ್ನು ತುಂಬುತ್ತದೆ. ನಮಗೆ ನಿಜವಾದ ಶತ್ರು ತೇವ. ನೀರು ಸಿಡಿಯುವ ಜಾಗಕ್ಕೆ ಐ.ಪಿ. 55 ಎಂದು ಬರೆದಿರುವ, ಪೂರ್ತಿ ಮುಚ್ಚಿದ ಮೋಟಾರನ್ನೇ ಕೊಳ್ಳಿರಿ.

ಇನ್ನು ಆರೋಗ್ಯದ ಮಾತು. ನಿಧಾನ ತಿರುಗುವ ಯಂತ್ರವೆಂದು ಸದರ ಬೇಡ. ಅದರ ಬಲ ಹೆಚ್ಚು. ಬೆಲ್ಟಿಗೆ ಜಾಲರಿಯ ಮುಚ್ಚಳ ಇರಲಿ. ಶಾಲು, ಮಫ್ಲರ್, ಸೀರೆಯ ಸೆರಗು ಸಿಕ್ಕಿದರೆ ಕತ್ತನ್ನೇ ಎಳೆದೀತು. ಒದ್ದೆ ನೆಲದಲ್ಲಿ ನಿಂತು ಕೆಲಸ ಮಾಡುವವರಿಗೆ ಸರಿಯಾದ ಅರ್ತಿಂಗ್, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಬೇಕೇ ಬೇಕು. ಮೋಟಾರಿಗೆ ಓವರ್‌ಲೋಡ್ ರಿಲೇ ಇರುವ ಸ್ಟಾರ್ಟರ್ ಹಾಕಿಸಿರಿ. ಸಿಕ್ಕಿಕೊಂಡ ಕ್ಯಾರೆಟ್ ತೆಗೆಯುವ ಮುಂಚೆ ಮೇನ್ ಸ್ವಿಚ್ ಆರಿಸಿರಿ.

ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಸಬಹುದು. ದೇವರು ಕೊಟ್ಟ ಬೆರಳು ಹೋದರೆ ಯಾವ ಅಂಗಡಿಯಲ್ಲೂ ಸಿಗದು. ಕೂಲಿಗೆ ಬರುವವರ ಬೆರಳೂ ನಮ್ಮದರಷ್ಟೇ ಬೆಲೆಯುಳ್ಳದ್ದು. ಮುಂದಿನ ಕ್ಯಾರೆಟ್ ಕೀಳುವ ಮೊದಲು ನಿಮ್ಮ ಯಂತ್ರವನ್ನು ಒಮ್ಮೆ ನೋಡಿಕೊಳ್ಳಿರಿ ಎಂದು ಕೇಳಿಕೊಳ್ಳುತ್ತೇವೆ.