ತಂಗಡಿ ಹೂವಿನ ಗೃಹೋಪಯೋಗಗಳು

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಸುತ್ತಣ ಸೀಮೆಯು ಮಳೆಯ ಅಭಾವಕ್ಕೆ ಪದೇ ಪದೇ ಈಡಾಗುವ ಪ್ರದೇಶವು. ವೇದಾವತಿಯ ದಡದ ಭೂಮಿಯನ್ನು ಬಿಟ್ಟರೆ ಹೆಚ್ಚಿನ ಹೊಲಗಳು ಖುಷ್ಕಿಯವೇ. ಇಂತಹ ನೆಲದ ಬದುಗಳಲ್ಲಿಯೂ ಬೀಳುಗಳಲ್ಲಿಯೂ ಯಾರೂ ಬಿತ್ತದೆ, ನೀರೆರೆಯದೆ ಬೆಳೆಯುವ ಗಿಡವು ತಂಗಡಿ. ಇದಕ್ಕೆ ಆವರಿಕೆ ಎಂಬ ಹೆಸರೂ ಉಂಟು. ತೆಲುಗರು ತಂಗೇಡು ಎನ್ನುವರು. ದನಗಳು ಸಾಮಾನ್ಯವಾಗಿ ಇದನ್ನು ಮೇಯುವುದಿಲ್ಲವಾದ್ದರಿಂದ ಬರಗಾಲದಲ್ಲಿಯೂ ಇದು ಉಳಿದುಕೊಳ್ಳುತ್ತದೆ.

ಗಿಡದ ಗುರುತು.— ಗಿಡವು ಸಾಮಾನ್ಯವಾಗಿ 3 ರಿಂದ 5 ಅಡಿ ಎತ್ತರವಿರುವುದು. ಒಂದೊಂದು ಎಲೆಯಲ್ಲಿ 8 ರಿಂದ 12 ಜೊತೆ ಕಿರುಎಲೆಗಳಿರುತ್ತವೆ. ಎಲೆಯ ಬುಡದಲ್ಲಿ ಕಿವಿಯಾಕಾರದ ಅಗಲವಾದ ಎಸಳುಗಳಿರುವುದೇ ಮುಖ್ಯವಾದ ಗುರುತು. ಹೂವು ಹೊಂಬಣ್ಣದ್ದು, ಕಾಯಿ ಚಪ್ಪಟೆಯಾಗಿ, ಒಣಗಿದಾಗ ಕಾಗದದಂತೆ ತೆಳುವಾಗಿರುವುದು.

ಇದರ ಜಾತಿಯದೇ ಆದ ದೊಡ್ಡ ತಗಚೆಯೂ ಹಳದಿ ಹೂವನ್ನೇ ಬಿಡುತ್ತದೆ. ಅದರಲ್ಲಿ 3 ರಿಂದ 5 ಜೊತೆ ಚೂಪಾದ ಕಿರುಎಲೆಗಳು ಮಾತ್ರ ಇರುವುವು. ಎಲೆಯನ್ನು ಹಿಸುಕಿದರೆ ದುರ್ವಾಸನೆ ಬರುವುದು. ಬುಡದಲ್ಲಿ ಕಿವಿಯಂತಹ ಎಸಳಿರುವುದಿಲ್ಲ. ಇದರ ಬೀಜವು ವಿಷವು. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಅನೇಕ ಎಳೆಯ ಮಕ್ಕಳು ಮಿದುಳು, ಯಕೃತ್ತು ಮತ್ತು ಸ್ನಾಯುಗಳು ಕೆಟ್ಟು ಮೃತಪಟ್ಟುದಕ್ಕೆ ಈ ಬೀಜಗಳನ್ನು ತಿಂದುದೇ ಕಾರಣವೆಂದು ವೈದ್ಯರು 2007ರಲ್ಲಿ ಪ್ರಕಟಪಡಿಸಿದರು. ಆದುದರಿಂದ ಗುರುತು ತಿಳಿಯದ ಮಕ್ಕಳನ್ನು ಹೂ ಬಿಡಿಸಲು ಕಳುಹಿಸಕೂಡದು. ಮನೆಯ ಹತ್ತಿರ ದೊಡ್ಡ ತಗಚೆಯಿದ್ದರೆ ಕಾಯಿ ಕಟ್ಟುವುದಕ್ಕೆ ಮೊದಲೇ ಕಿತ್ತುಹಾಕತಕ್ಕದ್ದು.

ಅಡಿಗೆಯಲ್ಲಿ.— ಹೂಗಳನ್ನು ಬೆಳಿಗ್ಗೆ ಬಿಡಿಸಿ, ಹುಳುವಿಲ್ಲದಂತೆ ನೋಡಿ ತೊಳೆಯಬೇಕು. ಶೇಂಗಾ ಮೊದಲಾದ ಪೈರಿಗೆ ಔಷಧಿ ಸಿಂಪಡಿಸಿದ ಹೊಲದ ಬದುವಿನ ಹೂ ಬೇಡ. ಒಂದು ಹಿಡಿ ಎಸಳನ್ನು ಬೇಯುತ್ತಿರುವ ತೊಗರಿಬೇಳೆಗೆ ಹಾಕಿ, ಉಪ್ಪು ಹುಣಿಸೆ ಕೂಡಿಸಿ ಒಗ್ಗರಣೆ ಕೊಟ್ಟರೆ ಒಳ್ಳೆಯ ತೊವ್ವೆಯಾಗುವುದು. ಎಸಳನ್ನು ನೆರಳಿನಲ್ಲಿ ಒಣಗಿಸಿ ಡಬ್ಬಿಯಲ್ಲಿಟ್ಟುಕೊಂಡು, ಒಂದು ಲೋಟ ಕುದಿನೀರಿಗೆ ಒಂದು ಚಮಚದಂತೆ ಹಾಕಿ ಐದು ನಿಮಿಷ ಮುಚ್ಚಿಟ್ಟು ಸೋಸಿದರೆ ಕಾಫಿ ಚಹಗಳಿಗೆ ಬದಲಾಗಿ ಕುಡಿಯಬಹುದು.

ಔಷಧದಲ್ಲಿ.— ತೊಗಟೆಯು ಒಗರಾದುದು. ಅದರ ಕಷಾಯದಿಂದ ಬಾಯಿಹುಣ್ಣಿಗೆ ಮುಕ್ಕಳಿಸುವ ರೂಢಿಯುಂಟು. ಎಳೆಯ ಕಡ್ಡಿಯಿಂದ ಹಲ್ಲುಜ್ಜುವರು. ಸಿದ್ಧ ಮತ್ತು ಆಯುರ್ವೇದ ವೈದ್ಯರು ಹೂವನ್ನು ಮಧುಮೇಹಕ್ಕೆ ಉಪಯೋಗಿಸುತ್ತಾರೆ. ಇಲಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಹೂವಿನ ಸಾರದಿಂದ ರಕ್ತದ ಸಕ್ಕರೆ ತಗ್ಗಿರುವುದೂ ನಿಜವು. ಆದರೆ ಇಷ್ಟನ್ನೇ ನಂಬಿ ಇನ್ಸುಲಿನ್ ಅಥವಾ ಮಾತ್ರೆಯನ್ನು ನಿಲ್ಲಿಸಿದರೆ ಪ್ರಾಣಾಪಾಯವುಂಟಾಗಬಹುದು. ಮಾತ್ರೆಯೊಡನೆ ಹೂವಿನ ಕಷಾಯವನ್ನೂ ಕುಡಿದರೆ ಸಕ್ಕರೆಯು ಮಿತಿಮೀರಿ ಇಳಿಯುವ ಸಂಭವವೂ ಉಂಟು. ಮಧುಮೇಹಿಗಳೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಇದನ್ನು ಸೇವಿಸಕೂಡದು. ಬೀಜದ ಪುಡಿಯನ್ನು ಕಣ್ಣಿಗೆ ಹಾಕುವ ಹಳೆಯ ಪದ್ಧತಿಯನ್ನು ಬಿಡುವುದು ಲೇಸು.

ಗಿಡದ ರಕ್ಷಣೆ.— ಹಿಂದೆ ಚರ್ಮ ಹದಮಾಡುವುದಕ್ಕಾಗಿ ತಂಗಡಿಯ ತೊಗಟೆಗೆ ಬಹಳ ಬೇಡಿಕೆಯಿದ್ದಿತು. ಕಾಂಡದ ಸುತ್ತಲೂ ತೊಗಟೆ ಸುಲಿದರೆ ಅದರ ಮೇಲ್ಭಾಗವೆಲ್ಲ ಒಣಗಿಹೋಗುವುದು. ಹೂವನ್ನು ಬಿಡಿಸುವುದರಿಂದ ಗಿಡಕ್ಕೆ ಹಾನಿಯಿಲ್ಲ. ಆದರೂ ಬೀಜಕ್ಕೆಂದು ಅರ್ಧದಷ್ಟನ್ನಾದರೂ ಬಿಡಬೇಕು. ಸವರಿದ ಸೊಪ್ಪನ್ನು ಹಸಿರುಗೊಬ್ಬರವಾಗಿ ಗದ್ದೆಗೆ ತುಳಿಸಬಹುದು. ಬದುವಿನ ಮಣ್ಣನ್ನು ಹಿಡಿದು ನಿಲ್ಲಿಸುವ ಈ ಗಿಡವನ್ನು ಕಳೆಯೆಂದು ಬುಡಸಹಿತ ಅಗೆದುಹಾಕದೆ ಉಳಿಸಿಕೊಳ್ಳುವುದು ರೈತರಿಗೆ ಲಾಭಕರವು.