ಹೈಡ್ರಾಲಿಕ್ ಟಾಪ್ ಲಿಂಕ್

ಹೈಡ್ರಾಲಿಕ್ ಟಾಪ್ ಲಿಂಕ್ ಎಂಬುದು ಟ್ರ್ಯಾಕ್ಟರಿನ ಹಿಂಬದಿಯ ಮೂರು ಬಿಂದು ಜೋಡಣೆಯಲ್ಲಿ ಮೇಲಿನ ಕೊಂಡಿಯಾಗಿ ಬಳಸಲಾಗುವ ದ್ವಿಮುಖ ಸಿಲಿಂಡರ್ ಆಗಿದೆ. ಸಾಮಾನ್ಯ ಟಾಪ್ ಲಿಂಕ್‌ನ ಉದ್ದವನ್ನು ಬದಲಿಸಲು ಚಾಲಕನು ಕೆಳಗಿಳಿದು ತಿರುಪನ್ನು ಕೈಯಿಂದ ತಿರುಗಿಸಬೇಕಾಗುತ್ತದೆ. ಹೈಡ್ರಾಲಿಕ್ ಟಾಪ್ ಲಿಂಕ್‌ನಲ್ಲಿ ಇದೇ ಕೆಲಸವನ್ನು ಆಸನದಲ್ಲಿ ಕುಳಿತಂತೆಯೇ ಒಂದು ಸನ್ನೆಯಿಂದ ಮಾಡಬಹುದು. ಬಲಭಾಗದ ಲಿಫ್ಟ್ ರಾಡ್‌ನ ಬದಲಿಗೂ ಇಂಥದೇ ಸಿಲಿಂಡರನ್ನು ಅಳವಡಿಸುವುದುಂಟು. ಅದನ್ನು ಹೈಡ್ರಾಲಿಕ್ ಸೈಡ್ ಲಿಂಕ್ ಎನ್ನುತ್ತಾರೆ. ದೊಡ್ಡ ಟ್ರ್ಯಾಕ್ಟರುಗಳಲ್ಲಿ ಈ ಸೌಲಭ್ಯವು ಕಾರ್ಖಾನೆಯಿಂದಲೇ ದೊರೆಯುವುದುಂಟು. ಸಣ್ಣ ಟ್ರ್ಯಾಕ್ಟರುಗಳಿಗೆ ಇದನ್ನು ಹೆಚ್ಚಾಗಿ ನಂತರ ಸೇರಿಸಲಾಗುತ್ತದೆ. ಹೀಗೆ ಸೇರಿಸುವಾಗ ಸಿಲಿಂಡರಿನ ಆಯ್ಕೆಗಿಂತಲೂ ಎಣ್ಣೆಯ ಹರಿವಿನ ದಾರಿಯನ್ನು ಸರಿಯಾಗಿ ರೂಪಿಸುವುದು ಮುಖ್ಯವಾಗುತ್ತದೆ.

ಹಿನ್ನೆಲೆ

ಮೂರು ಬಿಂದು ಜೋಡಣೆಯನ್ನು ಇಂದಿನ ರೂಪಕ್ಕೆ ತಂದವರು ಐರ್ಲೆಂಡಿನ ಡೌನ್ ಕೌಂಟಿಯಲ್ಲಿ 1884ರಲ್ಲಿ ಜನಿಸಿದ ಹ್ಯಾರಿ ಫರ್ಗುಸನ್. ಮೊದಲನೆಯ ಮಹಾಯುದ್ಧದ ಕಾಲದ ಟ್ರ್ಯಾಕ್ಟರುಗಳು ನೇಗಿಲನ್ನು ಗಾಡಿಯಂತೆ ಎಳೆಯುತ್ತಿದ್ದವು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡಾಗ ಹಿಂದಿನ ಚಕ್ರಗಳು ಮುಂದೆ ಹೋಗಲಾರದೆ, ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಹಿಂದಕ್ಕೆ ಮಗುಚುವ ಅಪಾಯವಿತ್ತು. ಇಂತಹ ಅವಘಡಗಳಲ್ಲಿ ಚಾಲಕರು ಪ್ರಾಣ ಕಳೆದುಕೊಂಡದ್ದೂ ಉಂಟು.

ಫರ್ಗುಸನ್ ಅವರು ನೇಗಿಲನ್ನು ಕೊಂಡಿಗಳ ಮೂಲಕ ಟ್ರ್ಯಾಕ್ಟರಿಗೆ ಬಿಗಿದು, ಎರಡನ್ನೂ ಒಂದೇ ಘಟಕವಾಗಿಸಿದರು. ನೇಗಿಲಿನ ಎಳೆತ ಹೆಚ್ಚಾದಾಗ ಟಾಪ್ ಲಿಂಕ್ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತದೆ. ಇದರಿಂದ ಮುಂಭಾಗ ನೆಲಕ್ಕೆ ಅಂಟಿಕೊಂಡಿರುತ್ತದೆ. ಇದೇ ಒತ್ತುಬಲವನ್ನು ಸಂಕೇತವಾಗಿ ಬಳಸಿ, ಎಳೆತ ಹೆಚ್ಚಾದೊಡನೆ ನೇಗಿಲನ್ನು ತುಸು ಮೇಲೆತ್ತುವ ಹೈಡ್ರಾಲಿಕ್ ನಿಯಂತ್ರಣವನ್ನೂ ಅವರು ರೂಪಿಸಿದರು. ಈ ವ್ಯವಸ್ಥೆಗೆ ಸಂಬಂಧಿಸಿದ ಪೇಟೆಂಟ್ 1926ರದು. 1936ರಲ್ಲಿ ಡೇವಿಡ್ ಬ್ರೌನ್ ಸಹಯೋಗದಲ್ಲಿ ಫರ್ಗುಸನ್-ಬ್ರೌನ್ ಟ್ರ್ಯಾಕ್ಟರ್, 1939ರಲ್ಲಿ ಹೆನ್ರಿ ಫೋರ್ಡ್ ಅವರೊಂದಿಗಿನ ಒಪ್ಪಂದದಂತೆ ಫೋರ್ಡ್ 9ಎನ್, 1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಟಿಇ20 ಈ ಜೋಡಣೆಯನ್ನು ವ್ಯಾಪಕವಾಗಿ ಪ್ರಚಾರಕ್ಕೆ ತಂದವು.

ಮೂರು ಬಿಂದು ಜೋಡಣೆಯ ಭಾಗಗಳು

ಈ ಜೋಡಣೆಯಲ್ಲಿ ಎರಡು ಕೆಳಕೊಂಡಿಗಳೂ ಒಂದು ಟಾಪ್ ಲಿಂಕ್ ಸಹ ಇರುತ್ತವೆ. ಕೆಳಕೊಂಡಿಗಳು ಉಪಕರಣವನ್ನು ಎಳೆಯುತ್ತವೆ. ಅವುಗಳನ್ನು ಎರಡು ಲಿಫ್ಟ್ ರಾಡ್‌ಗಳು ಮೇಲಿನ ಎತ್ತುತೋಳುಗಳಿಗೆ ಸೇರಿಸುತ್ತವೆ. ಟ್ರ್ಯಾಕ್ಟರಿನ ಮೂಲ ಹೈಡ್ರಾಲಿಕ್ ವ್ಯವಸ್ಥೆ ಈ ಎತ್ತುತೋಳುಗಳನ್ನು ಮಾತ್ರ ಚಲಿಸುತ್ತದೆ. ಆದ್ದರಿಂದ ಉಪಕರಣವನ್ನು ಮೇಲೆತ್ತುವುದು, ಇಳಿಸುವುದು ಇವೆರಡೇ ಆಸನದಿಂದ ಸಾಧ್ಯ. ಉಪಕರಣವು ಮುಂದಕ್ಕೆ ಅಥವಾ ಹಿಂದಕ್ಕೆ ಬಾಗುವ ಕೋನವನ್ನು ಟಾಪ್ ಲಿಂಕ್‌ನ ಉದ್ದವೂ, ಎಡಕ್ಕೆ ಅಥವಾ ಬಲಕ್ಕೆ ವಾಲುವ ಕೋನವನ್ನು ಲಿಫ್ಟ್ ರಾಡ್‌ನ ಉದ್ದವೂ ನಿರ್ಧರಿಸುತ್ತವೆ.

ಜೋಡಣೆಯ ಅಳತೆಗಳನ್ನು ಐಎಸ್‌ಒ 730 ಮಾನಕವು ವರ್ಗಗಳಾಗಿ ವಿಂಗಡಿಸಿದೆ. ಸಣ್ಣ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿರುವ 1ನೇ ವರ್ಗದಲ್ಲಿ ಟಾಪ್ ಲಿಂಕ್‌ನ ಪಿನ್ ಸುಮಾರು 19 ಮಿ.ಮೀ., ಕೆಳಕೊಂಡಿಯ ಪಿನ್ ಸುಮಾರು 22 ಮಿ.ಮೀ. ವ್ಯಾಸದ್ದಾಗಿರುತ್ತದೆ. 2ನೇ ವರ್ಗದಲ್ಲಿ ಇವು ಕ್ರಮವಾಗಿ ಸುಮಾರು 25 ಮತ್ತು 28 ಮಿ.ಮೀ. ಇರುತ್ತವೆ. ಸಿಲಿಂಡರಿನ ಎರಡೂ ತುದಿಗಳ ಗುಂಡುಗಳು ಟ್ರ್ಯಾಕ್ಟರ್ ಮತ್ತು ಉಪಕರಣದ ವರ್ಗಕ್ಕೆ ಹೊಂದಿಕೆಯಾಗಬೇಕು.

ಉಪಯೋಗಗಳು

ಎರಡು ಅಥವಾ ಮೂರು ಸಾಲು ಹಲ್ಲುಗಳಿರುವ ಕಲ್ಟಿವೇಟರಿನಲ್ಲಿ ಟಾಪ್ ಲಿಂಕ್ ಉದ್ದವಾಗಿದ್ದರೆ ಹಿಂದಿನ ಹಲ್ಲುಗಳು, ಗಿಡ್ಡವಾಗಿದ್ದರೆ ಮುಂದಿನ ಹಲ್ಲುಗಳು ಹೆಚ್ಚು ಆಳಕ್ಕೆ ಇಳಿಯುತ್ತವೆ. ಟಾಪ್ ಲಿಂಕನ್ನು ಗಿಡ್ಡ ಮಾಡಿದಾಗ ನೇಗಿಲಿನ ಮೊನೆ ಕೆಳಮುಖವಾಗಿ ಗಟ್ಟಿ ನೆಲವನ್ನು ಬೇಗ ಹೊಗುತ್ತದೆ. ಮಣ್ಣನ್ನು ಕೆರೆದು ಮಟ್ಟಮಾಡುವ ಪೆಟ್ಟಿಗೆ ಬ್ಲೇಡಿನಲ್ಲಿ ಈ ಹೊಂದಾಣಿಕೆಯ ಪ್ರಯೋಜನ ಅತ್ಯಂತ ಸ್ಪಷ್ಟವಾಗಿದೆ. ಮುಂದಕ್ಕೆ ಬಾಗಿಸಿದಾಗ ಅದು ಮಣ್ಣನ್ನು ಕತ್ತರಿಸುತ್ತದೆ. ಹಿಂದಕ್ಕೆ ಬಾಗಿಸಿದಾಗ ಹರಡಿ ನಯಗೊಳಿಸುತ್ತದೆ. ಒಂದೇ ಓಟದಲ್ಲಿ ಈ ಎರಡೂ ಸ್ಥಿತಿಗಳು ಹಲವು ಬಾರಿ ಬೇಕಾಗಬಹುದು.

ಬದು ಏರಿಸುವಾಗ, ದಾರಿಯ ಬದಿಯಲ್ಲಿ ಚರಂಡಿ ತೆಗೆಯುವಾಗ ಅಥವಾ ಇಳಿಜಾರಿನಲ್ಲಿ ಮಟ್ಟಮಾಡುವಾಗ ಸೈಡ್ ಲಿಂಕ್ ಉಪಯುಕ್ತ. 1ನೇ ವರ್ಗದ ಜೋಡಣೆಯಲ್ಲಿ ಕೆಳಕೊಂಡಿಯ ಎರಡು ಬಿಂದುಗಳ ನಡುವೆ ಸುಮಾರು 68 ಸೆಂ.ಮೀ. ಅಂತರವಿರುತ್ತದೆ. ಒಂದು ತುದಿಯನ್ನು 10 ಸೆಂ.ಮೀ. ಮೇಲೆತ್ತಿದರೆ 150 ಸೆಂ.ಮೀ. ಅಗಲದ ಬ್ಲೇಡಿನ ಎರಡು ತುದಿಗಳ ನಡುವೆ ಸುಮಾರು 22 ಸೆಂ.ಮೀ. ಎತ್ತರದ ವ್ಯತ್ಯಾಸ ಉಂಟಾಗುತ್ತದೆ.

ಸಿಲಿಂಡರಿನ ಆಯ್ಕೆ

ಟಾಪ್ ಲಿಂಕ್ ಮೇಲೆ ಎರಡೂ ದಿಕ್ಕಿನ ಬಲಗಳು ಬೀಳುತ್ತವೆ. ಉಪಕರಣವನ್ನು ಎತ್ತಿ ಸಾಗಿಸುವಾಗ ಅದು ಎಳೆಯಲ್ಪಡುತ್ತದೆ. ನೇಗಿಲು ಆಳದಲ್ಲಿ ಸಾಗುವಾಗ ಒತ್ತಲ್ಪಡುತ್ತದೆ. ಆದ್ದರಿಂದ ಸಿಲಿಂಡರ್ ದ್ವಿಮುಖವಾಗಿರಬೇಕು. 50 ಮಿ.ಮೀ. ಒಳವ್ಯಾಸವಿರುವ ಸಿಲಿಂಡರಿಗೆ 150 ಬಾರ್ ಒತ್ತಡ ಕೊಟ್ಟರೆ ಚಾಚುವ ದಿಕ್ಕಿನಲ್ಲಿ ಸುಮಾರು 29 ಕಿಲೋನ್ಯೂಟನ್ ಬಲ ದೊರೆಯುತ್ತದೆ. ಒಳಕ್ಕೆ ಎಳೆಯುವಾಗ ದಂಡವು ಪಿಸ್ಟನ್ನಿನ ಒಂದಷ್ಟು ಜಾಗವನ್ನು ಆಕ್ರಮಿಸುವುದರಿಂದ, 25 ಮಿ.ಮೀ. ದಂಡವಿದ್ದರೆ ಬಲವು ಸುಮಾರು 22 ಕಿಲೋನ್ಯೂಟನ್‌ಗೆ ಇಳಿಯುತ್ತದೆ.

ಸಣ್ಣ ಟ್ರ್ಯಾಕ್ಟರಿನಲ್ಲಿಯೂ ಈ ಕೆಲಸಕ್ಕೆ ಬಲದ ಕೊರತೆ ಸಾಮಾನ್ಯವಾಗಿ ಇರುವುದಿಲ್ಲ; ತೊಂದರೆಯಾಗುವುದು ವೇಗದಿಂದ. ನಿಮಿಷಕ್ಕೆ 20 ಲೀಟರ್ ಎಣ್ಣೆ ಪೂರ್ತಿಯಾಗಿ ಇದೇ ಸಿಲಿಂಡರಿಗೆ ಹರಿದರೆ ದಂಡವು ಸೆಕೆಂಡಿಗೆ ಸುಮಾರು 17 ಸೆಂ.ಮೀ. ಚಲಿಸುತ್ತದೆ. ಅಂದರೆ 15 ಸೆಂ.ಮೀ. ಚಲನೆ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಕೋನವನ್ನು ಅಷ್ಟಷ್ಟಾಗಿ ಬದಲಿಸಬೇಕಾದ ಕೆಲಸಕ್ಕೆ ಇಷ್ಟು ವೇಗ ಸಲ್ಲದು. ಇದನ್ನು ತಗ್ಗಿಸಲು ಸಿಲಿಂಡರಿನ ಬಾಯಿಗಳಲ್ಲಿ ಸಣ್ಣ ರಂಧ್ರದ ಹರಿವು ತಡೆಗಳನ್ನು ಕೂರಿಸುತ್ತಾರೆ.

ಸಿಲಿಂಡರಿನ ಕನಿಷ್ಠ ಮತ್ತು ಗರಿಷ್ಠ ಉದ್ದಗಳು ಮೂಲ ಟಾಪ್ ಲಿಂಕ್‌ನ ಬಳಕೆಯ ಉದ್ದವನ್ನು ಎರಡೂ ಕಡೆ ಒಳಗೊಂಡಿರಬೇಕು. ಸೈಡ್ ಲಿಂಕ್ ಸಿಲಿಂಡರನ್ನು, ಅದರ ಚಲನೆಯ ನಡುಮಟ್ಟದಲ್ಲಿ ಉಪಕರಣ ಸಮತಟ್ಟಾಗಿರುವಂತೆ ಆರಿಸಿದರೆ ಎರಡೂ ಬದಿಗೆ ಸಮನಾಗಿ ವಾಲಿಸಬಹುದು.

ಬೀಗ ಕವಾಟ

ನಿಯಂತ್ರಣ ಕವಾಟದೊಳಗಿನ ಜಾರುಕಡ್ಡಿಯ ಸುತ್ತ ಅತಿ ಕಿರಿದಾದ ಸಂದು ಇದ್ದೇ ಇರುತ್ತದೆ. ಅದರ ಮೂಲಕ ಎಣ್ಣೆ ನಿಧಾನವಾಗಿ ಸೋರುವುದರಿಂದ, ಹೊರೆ ಬಿದ್ದ ಸಿಲಿಂಡರ್ ಕ್ರಮೇಣ ತನ್ನ ಉದ್ದವನ್ನು ಬದಲಿಸುತ್ತದೆ. ಉಳುಮೆಯ ಆಳ ತಾನಾಗಿ ಬದಲಾಗುವುದು, ಸಾಗಿಸುವಾಗ ಉಪಕರಣ ಹಿಂದಕ್ಕೆ ವಾಲುವುದು ಇದರ ಲಕ್ಷಣಗಳು. ಇದನ್ನು ತಡೆಯಲು ಸಿಲಿಂಡರಿನ ಮೈಮೇಲೆಯೇ ಬೀಗ ಕವಾಟವನ್ನು ಅಳವಡಿಸಲಾಗುತ್ತದೆ. ಒಂದು ಕೊಳವೆಗೆ ಒತ್ತಡ ಬಂದಾಗ ಮಾತ್ರ ಅದು ಇನ್ನೊಂದು ಬದಿಯ ಎಣ್ಣೆಗೆ ದಾರಿ ಬಿಡುತ್ತದೆ. ಕೊಳವೆ ಒಡೆದರೂ ಉಪಕರಣ ಥಟ್ಟನೆ ವಾಲದಂತೆ ಇದು ತಡೆಯುತ್ತದೆ.

ಬೀಗ ಕವಾಟವಿರುವ ಸಿಲಿಂಡರ್ ಮುಕ್ತವಾಗಿ ತೇಲಲಾರದು. ನೆಲದ ಏರಿಳಿತಕ್ಕೆ ಹೊಂದಿಕೊಂಡು ಸಾಗಬೇಕಾದ ಹುಲ್ಲು ಕತ್ತರಿಸುವ ಉಪಕರಣಗಳಲ್ಲಿ ಆದ್ದರಿಂದ ಉಪಕರಣದ ಕಡೆಯ ಪಿನ್‌ಗೆ ಉದ್ದಗಂಡಿಯ ಪಟ್ಟಿ ಅಥವಾ ಸರಪಳಿಯನ್ನು ಬಳಸುತ್ತಾರೆ.

ಎಣ್ಣೆಯ ಸಂಪರ್ಕ

ಬಹುತೇಕ ಸಣ್ಣ ಟ್ರ್ಯಾಕ್ಟರುಗಳಲ್ಲಿ ಗೇರ್ ಪಂಪ್ ಹಾಗೂ ತೆರೆದ ಕೇಂದ್ರದ ವ್ಯವಸ್ಥೆ ಇರುತ್ತದೆ. ಎಂಜಿನ್ ಓಡುತ್ತಿರುವಷ್ಟು ಕಾಲ ಪಂಪ್ ಎಣ್ಣೆಯನ್ನು ದೂಡುತ್ತಲೇ ಇರುತ್ತದೆ. ಕೆಲಸವಿಲ್ಲದಾಗ ಎಣ್ಣೆ ಕವಾಟದ ನಡುವಿನಿಂದ ಹಾದು ತೊಟ್ಟಿಗೆ ಮರಳುತ್ತದೆ. ಹೊಸ ಕವಾಟವನ್ನು ಪಂಪ್ ಮತ್ತು ಮೂಲ ಲಿಫ್ಟ್ ಕವಾಟದ ನಡುವೆ ಸರಣಿಯಾಗಿ ಸೇರಿಸಬೇಕಾಗುತ್ತದೆ. ಇದಕ್ಕೆ ಹೊಸ ಕವಾಟದಲ್ಲಿ ಮೂರು ಪ್ರತ್ಯೇಕ ದಾರಿಗಳು ಇರಬೇಕು:

* ಪಂಪಿನಿಂದ ಎಣ್ಣೆ ಒಳಬರುವ ದಾರಿ
* ಸಿಲಿಂಡರಿನಿಂದ ಮರಳಿದ ಎಣ್ಣೆ ತೊಟ್ಟಿಗೆ ಹೋಗುವ ದಾರಿ
* ಬಳಕೆಯಾಗದ ಎಣ್ಣೆಯನ್ನು ಒತ್ತಡ ಸಹಿತವಾಗಿ ಲಿಫ್ಟ್ ಕವಾಟಕ್ಕೆ ಮುಂದೂಡುವ ದಾರಿ

ಮೂರನೆಯದನ್ನು ಪವರ್ ಬಿಯಾಂಡ್ ಎನ್ನುತ್ತಾರೆ. ಈ ಸೌಲಭ್ಯವಿಲ್ಲದ ಕವಾಟದ ತೊಟ್ಟಿ ದಾರಿಯನ್ನೇ ಲಿಫ್ಟ್‌ಗೆ ಜೋಡಿಸಿದರೆ, ಉಪಕರಣವನ್ನು ಎತ್ತುವಾಗ ಉಂಟಾಗುವ ಪೂರ್ಣ ಒತ್ತಡ ಕವಾಟದ ನಿರ್ಗಮ ಭಾಗದ ಮೇಲೆ ಬೀಳುತ್ತದೆ. ಆ ಭಾಗ ಕಡಿಮೆ ಒತ್ತಡಕ್ಕಾಗಿ ರಚಿತವಾದದ್ದು; ಸೀಲುಗಳು ಕಿತ್ತುಹೋಗಬಹುದು, ಕವಾಟದ ಮೈಯೇ ಬಿರಿಯಬಹುದು. ತೊಟ್ಟಿಯ ದಾರಿಯನ್ನು ಮುಚ್ಚಿಬಿಟ್ಟರೆ ಮರಳುವ ಎಣ್ಣೆಗೆ ಹೋಗಲು ಸ್ಥಳವಿರುವುದಿಲ್ಲ. ಒತ್ತಡ ಮಿತಿ ಕವಾಟವು ಪಂಪಿನ ನಂತರ ಎಲ್ಲ ಕವಾಟಗಳಿಗಿಂತ ಮೊದಲು ಇರಬೇಕು. ಪಂಪಿನಿಂದ ಹೊರಡುವ ಮುಖ್ಯ ಸಾಲಿನಲ್ಲಿ ಕಳಚುವ ಕಪ್ಲಿಂಗ್ ಹಾಕಿ, ಅದಕ್ಕೂ ಮೊದಲು ಮಿತಿ ಕವಾಟವಿಲ್ಲದಿದ್ದರೆ, ಕಪ್ಲಿಂಗ್ ಕಳಚಿದ ಸ್ಥಿತಿಯಲ್ಲಿ ಎಂಜಿನ್ ಚಾಲೂ ಮಾಡಿದೊಡನೆ ಪಂಪ್ ಹಾಳಾಗಬಹುದು.

ಭಾರತದ ಅನೇಕ ಟ್ರ್ಯಾಕ್ಟರುಗಳಲ್ಲಿ ಟ್ರೇಲರನ್ನು ಎತ್ತಿ ಸುರಿಯಲು ಒಂದು ಹೊರ ಸಂಪರ್ಕವಿರುತ್ತದೆ. ಇದು ಏಕಮುಖವಾದದ್ದು; ಟ್ರೇಲರ್ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಇಂತಹ ಒಂಟಿ ಸಂಪರ್ಕದಿಂದ ಟಾಪ್ ಲಿಂಕನ್ನು ನೇರವಾಗಿ ನಡೆಸಲಾಗದು. ಹೈಡ್ರಾಲಿಕ್ ರಿವರ್ಸಿಬಲ್ ನೇಗಿಲಿಗೆಂದು ದ್ವಿಮುಖ ಕವಾಟವನ್ನು ಈಗಾಗಲೇ ಹಾಕಿಸಿದ್ದರೆ ಅದರಲ್ಲಿಯೇ ಟಾಪ್ ಲಿಂಕನ್ನು ಜೋಡಿಸಬಹುದು. ಎರಡು ಸಿಲಿಂಡರುಗಳಿಗೆ ಒಂದೇ ಕವಾಟವಿದ್ದಲ್ಲಿ ವಿದ್ಯುತ್ ಗುಂಡಿಯಿಂದ ದಾರಿ ಬದಲಿಸುವ ಆಯ್ಕೆ ಕವಾಟವನ್ನು ಬಳಸುವುದುಂಟು.

ಅನೇಕ ಸಣ್ಣ ಟ್ರ್ಯಾಕ್ಟರುಗಳಲ್ಲಿ ಗೇರ್ ಪೆಟ್ಟಿಗೆಗೂ ಹೈಡ್ರಾಲಿಕ್‌ಗೂ ಒಂದೇ ಎಣ್ಣೆ ಬಳಕೆಯಾಗುತ್ತದೆ. ಜೋಡಣೆಯ ವೇಳೆ ಒಳಸೇರಿದ ಲೋಹದ ಚೂರು, ಧೂಳು ಅಥವಾ ತಿರುಪಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯ ಎಳೆಗಳು ಕವಾಟಗಳಲ್ಲಿ ಸಿಕ್ಕಿಕೊಂಡು ಇಡೀ ವ್ಯವಸ್ಥೆಯನ್ನು ಕೆಡಿಸಬಲ್ಲವು.

ಮಿತಿಗಳು

ಸರಣಿ ಸಂಪರ್ಕದಲ್ಲಿ ಟಾಪ್ ಲಿಂಕನ್ನು ಚಲಿಸುವಾಗ ಲಿಫ್ಟ್‌ಗೆ ಎಣ್ಣೆ ಕಡಿಮೆಯಾಗುತ್ತದೆ. ಎರಡನ್ನೂ ಒಟ್ಟಿಗೆ ಪೂರ್ಣವಾಗಿ ನಡೆಸಲಾಗದು. ಟಾಪ್ ಲಿಂಕ್ ಮೂಲಕ ಎಳೆತವನ್ನು ಅರಿಯುವ ಟ್ರ್ಯಾಕ್ಟರುಗಳಲ್ಲಿ ಸಿಲಿಂಡರ್ ಸೋರತೊಡಗಿದರೆ ಆಳದ ಸ್ವಯಂ ನಿಯಂತ್ರಣವೂ ಏರುಪೇರಾಗುತ್ತದೆ.

ಪಿಟಿಒ ದಂಡದಿಂದ ತಿರುಗುವ ರೋಟವೇಟರಿನಂತಹ ಉಪಕರಣಗಳಲ್ಲಿ ಟಾಪ್ ಲಿಂಕ್‌ನ ಉದ್ದ ಬದಲಾದಾಗ ದಂಡದ ಕೋನವೂ ಬದಲಾಗುತ್ತದೆ. ಕೋನ ಹೆಚ್ಚಾದರೆ ಸಂದುಗಳು ಅದುರಿ ಬೇಗ ಸವೆಯುತ್ತವೆ. ದಂಡದ ಒಳ ಮತ್ತು ಹೊರ ಕೊಳವೆಗಳು ಒಂದರೊಳಗೊಂದು ಸಾಕಷ್ಟು ಸೇರಿರದಿದ್ದರೆ ಕಳಚಿಕೊಳ್ಳುವ ಅಪಾಯವೂ ಇದೆ. ಆದ್ದರಿಂದ ಸಿಲಿಂಡರನ್ನು ಎರಡೂ ಕೊನೆಗಳಿಗೆ ತಂದು, ಲಿಫ್ಟನ್ನು ನಿಧಾನವಾಗಿ ಏರಿಸಿ ಇಳಿಸಿ, ಪಿಟಿಒ ಚಾಲನೆಯಿಲ್ಲದೆ ಮೊದಲು ಪರೀಕ್ಷಿಸಲಾಗುತ್ತದೆ. ಟಾಪ್ ಲಿಂಕ್ ಪೂರ್ತಿ ಗಿಡ್ಡವಾಗಿದ್ದಾಗ ಎತ್ತಿದ ಉಪಕರಣ ಹಿಂದಿನ ಟೈರಿಗೆ ಅಥವಾ ಮಡ್‌ಗಾರ್ಡಿಗೆ ತಾಗುವುದೇ ಎಂಬುದನ್ನೂ ಆಗಲೇ ನೋಡಬೇಕಾಗುತ್ತದೆ.

ಸುರಕ್ಷತೆ

ಕೊಳವೆಯ ಸೂಜಿಮೊನೆಯಷ್ಟು ಸಣ್ಣ ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು. ಹೊರಗೆ ಚುಕ್ಕೆಯಷ್ಟೇ ಗಾಯ ಕಂಡರೂ ಒಳಗಿನ ಅಂಗಾಂಶ ಕೊಳೆತು ಬೆರಳು ಅಥವಾ ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ನೋವಿಲ್ಲವೆಂದು ಕಾಯದೆ ತಕ್ಷಣ ಶಸ್ತ್ರಚಿಕಿತ್ಸೆ ಲಭ್ಯವಿರುವ ಆಸ್ಪತ್ರೆಗೆ ಹೋಗುವುದು ಅಗತ್ಯ. ಸೋರಿಕೆಯನ್ನು ಕೈಯಿಂದ ಹುಡುಕಬಾರದು; ರಟ್ಟಿನ ತುಂಡನ್ನು ಹಿಡಿದು ನೋಡಬೇಕು.

ಯಾವುದೇ ಸಂಪರ್ಕವನ್ನು ಕಳಚುವ ಮೊದಲು ಉಪಕರಣವನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಸನ್ನೆಗಳನ್ನು ಎರಡೂ ಕಡೆಗೆ ಆಡಿಸಿ ಒತ್ತಡವನ್ನು ಬಿಡಿಸಬೇಕು. ಆದರೆ ಬೀಗ ಕವಾಟದ ಹಿಂದೆ ಸಿಲುಕಿರುವ ಎಣ್ಣೆಯ ಒತ್ತಡ ಇದರಿಂದ ಇಳಿಯದಿರಬಹುದು. ಆದ್ದರಿಂದ ಪಿನ್ ತೆಗೆಯುವ ಮುನ್ನ ಉಪಕರಣಕ್ಕೆ ಊರೆ ಕೊಟ್ಟು ಟಾಪ್ ಲಿಂಕ್ ಮೇಲಿನ ಹೊರೆಯನ್ನು ಇಲ್ಲವಾಗಿಸಬೇಕು. ಸನ್ನೆಯನ್ನು ಯಾರಾದರೂ ಚಲಿಸುವ ಸಾಧ್ಯತೆಯಿರುವಾಗ ಟ್ರ್ಯಾಕ್ಟರ್ ಮತ್ತು ಉಪಕರಣದ ನಡುವೆ ನಿಲ್ಲಬಾರದು.

ಟಾಪ್ ಲಿಂಕ್‌ನ ಬಿಂದುವಿಗೆ ಹಗ್ಗ ಅಥವಾ ಸರಪಳಿ ಕಟ್ಟಿ ಮರದ ಬುಡವನ್ನಾಗಲಿ, ಹೂತ ವಾಹನವನ್ನಾಗಲಿ ಎಳೆಯುವುದು ಅತ್ಯಂತ ಅಪಾಯಕರ. ಎಳೆತದ ಬಿಂದು ಹಿಂದಿನ ಅಚ್ಚಿಗಿಂತ ಮೇಲಿದ್ದರೆ, ಫರ್ಗುಸನ್ ಅವರು ನಿವಾರಿಸಲು ಶ್ರಮಿಸಿದ ಹಿಂದಕ್ಕೆ ಮಗುಚುವ ಅಪಾಯವೇ ಮರಳಿ ಬರುತ್ತದೆ. ಎಳೆಯುವ ಕೆಲಸಕ್ಕೆ ಅಚ್ಚಿಗಿಂತ ಕೆಳಗಿರುವ ಡ್ರಾಬಾರನ್ನು ಮಾತ್ರ ಬಳಸಬೇಕು.