ರಕ್ತನಾಳದ ಅನ್ನವೂ ಯಕೃತ್ತಿನ ಕ್ಷೇಮವೂ

ಉಂಡ ಅನ್ನವು ದೇಹಕ್ಕೆ ದಕ್ಕಬೇಕಾದರೆ ಅದು ಸಣ್ಣ ಕರುಳಿನ ಮೂಲಕವೇ ಹಾದುಹೋಗಬೇಕು. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಕರುಳು ಉರಿಯೂತದಿಂದ ಕೊಳೆತಾಗ, ತಿರುಚಿಕೊಂಡ ಕರುಳಿಗೆ ರಕ್ತಸಂಚಾರ ನಿಂತಾಗ, ಅಥವಾ ಜನ್ಮತಃ ಹೊಟ್ಟೆಯ ಹೊರಗೇ ಉಳಿದ ಕರುಳು ಹಾಳಾದಾಗ, ನಿರ್ಜೀವವಾದ ಭಾಗವನ್ನು ಕತ್ತರಿಸಿ ತೆಗೆಯದೆ ಶಸ್ತ್ರವೈದ್ಯನಿಗೆ ಗತ್ಯಂತರವಿರುವುದಿಲ್ಲ. ಉಳಿದ ಗೇಣುದ್ದದ ಕರುಳು ಮಗುವನ್ನು ಸಾಕಲಾರದ ಈ ಸ್ಥಿತಿಗೆ ಕರುಳಿನ ವೈಫಲ್ಯವೆಂದು ಹೆಸರು. ಒಂದು ಕಾಲದಲ್ಲಿ ಇಂಥ ಕೂಸುಗಳು ವೈದ್ಯರ ಕಣ್ಣೆದುರಿಗೇ ಹಸಿವಿನಿಂದ ಕ್ಷಯಿಸಿ ಅಳಿಯುತ್ತಿದ್ದವು.

1960ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಅವರ ಸಹೋದ್ಯೋಗಿಗಳು ನಾಯಿಮರಿಗಳನ್ನು ಕೇವಲ ರಕ್ತನಾಳಕ್ಕೆ ನೇರವಾಗಿ ಹರಿಸಿದ ಆಹಾರದಿಂದಲೇ ಬೆಳೆಸಿ, ಬಳಿಕ ಸಣ್ಣ ಕರುಳು ಬಹುಮಟ್ಟಿಗೆ ಇಲ್ಲದ ಒಂದು ಶಿಶುವಿಗೂ ಅದೇ ವಿಧಾನವನ್ನು ಅನ್ವಯಿಸಿ, ಬಾಯಿಗೆ ತುತ್ತಿಡದೆಯೂ ಜೀವವು ಬೆಳೆಯಬಲ್ಲುದೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟರು. ಸಕ್ಕರೆ, ಅಮೈನೋ ಆಮ್ಲ, ಲವಣಗಳು ನೀರಿನಲ್ಲಿ ಕರಗುತ್ತವೆ, ಎಣ್ಣೆಯಾದರೋ ಕರಗದು. ಹತ್ತಿಬೀಜದ ಎಣ್ಣೆಯಿಂದ ಮಾಡಿದ ಮೊದಲಿನ ದ್ರವಗಳು ರೋಗಿಗಳಿಗೆ ಜ್ವರವನ್ನೂ ಬೇರೆ ಉಪದ್ರವಗಳನ್ನೂ ತಂದೊಡ್ಡಿದ್ದುವು. ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ ಸೋಯಾ ಎಣ್ಣೆಯನ್ನು ಮೊಟ್ಟೆಯ ಹಳದಿಯ ಫಾಸ್ಫೋಲಿಪಿಡ್‌ನೊಡನೆ ಅತಿಸೂಕ್ಷ್ಮ ಕಣಗಳಾಗಿ ಒಡೆದು, ಹಾಲಿನಂತೆ ಬೆಳ್ಳಗಿರುವ ಇಂಟ್ರಾಲಿಪಿಡ್ ಎಂಬ ದ್ರವವನ್ನು ಸಿದ್ಧಪಡಿಸಿದ ಮೇಲೆಯೇ ರಕ್ತಕ್ಕೆ ನಿರಪಾಯವಾಗಿ ಕೊಬ್ಬನ್ನು ಸೇರಿಸುವುದು ಸಾಧ್ಯವಾಯಿತು. ತನ್ನಲ್ಲಿನ ಕೊಬ್ಬಿನ ಒಂದು ಗ್ರಾಮಿಗೆ ಸುಮಾರು 9 ಕಿಲೋಕ್ಯಾಲೊರಿ ಶಕ್ತಿಯನ್ನೂ, ದೇಹವು ತಾನೇ ತಯಾರಿಸಿಕೊಳ್ಳಲಾರದ ಅವಶ್ಯಕ ಮೇದಾಮ್ಲಗಳನ್ನೂ ಒದಗಿಸುವ ಈ ದ್ರವವು ಅಸಂಖ್ಯ ಪ್ರಾಣಗಳನ್ನು ಉಳಿಸಿತು.

ಹೀಗೆ ಉಳಿದ ಮಕ್ಕಳಲ್ಲಿಯೇ ಹೊಸದೊಂದು ವಿಪತ್ತು ತಲೆದೋರಿತು. ವಾರಗಳು ಕಳೆದಂತೆ ಅವರ ಕಣ್ಣು, ಚರ್ಮ ಹಳದಿಗೆ ತಿರುಗುತ್ತಿದ್ದುವು. ಪಿತ್ತರಸವು ಯಕೃತ್ತಿನಲ್ಲೇ ಸ್ತಬ್ಧವಾಗಿ ನಿಂತು, ಅಂಗವು ಕ್ರಮೇಣ ನಾರುಗಟ್ಟಿ, ಕೆಲವು ಮಕ್ಕಳು ಯಕೃತ್ತಿನ ಕಸಿಯನ್ನು ಕಾಯುತ್ತ ಕಾಯುತ್ತಲೇ ಮೃತ್ಯುವಶರಾಗುತ್ತಿದ್ದರು. ಬದುಕಿಸಿದ ಆಹಾರವೇ ಬದುಕನ್ನು ಕಸಿದುಕೊಳ್ಳುವುದಕ್ಕಿಂತ ದಾರುಣವಾದುದು ತಾಯಿತಂದೆಯರಿಗೆ ಮತ್ತಾವುದಿದೆ?

ಇದಕ್ಕೆ ಕಾರಣ ಒಂದಲ್ಲ. ಬಾಯಿಂದ ಆಹಾರವಿಲ್ಲದಿದ್ದರೆ ಪಿತ್ತಕೋಶವನ್ನು ಸಂಕುಚಿಸುವ ಹಾರ್ಮೋನುಗಳು ಹೊಮ್ಮುವುದಿಲ್ಲ. ರಕ್ತನಾಳಕ್ಕೆ ಆಹಾರವನ್ನು ಹರಿಸುವ ಕೊಳವೆಯಾದ ಕ್ಯಾಥೆಟರ್ ಮೂಲಕ ಹೊಕ್ಕ ಸೋಂಕು ಮೇಲಿಂದ ಮೇಲೆ ಯಕೃತ್ತಿಗೆ ಪೆಟ್ಟು ಕೊಡುತ್ತದೆ. ಅಕಾಲ ಜನಿತ ಶಿಶುವಿನ ಯಕೃತ್ತಾದರೋ ಇನ್ನೂ ಅಪಕ್ವ. ಆದರೆ ಎಣ್ಣೆಯ ಮೇಲೆಯೂ ಸಂಶಯವು ಬೀಳದಿರಲಿಲ್ಲ. ಸೋಯಾ ಎಣ್ಣೆಯಲ್ಲಿ ಸಸ್ಯಜನ್ಯ ಸ್ಟೆರಾಲುಗಳಿವೆ. ಉಂಡಾಗ ಕರುಳು ಅವನ್ನು ಬಹುಮಟ್ಟಿಗೆ ಒಳಗೆ ಬಿಡದೆ ತಡೆಯುತ್ತದೆ. ರಕ್ತನಾಳಕ್ಕೇ ಸುರಿದಾಗ ಆ ಕಾವಲು ಇಲ್ಲದಾಗಿ ಅವು ದೇಹದಲ್ಲಿ ಸಂಚಯವಾಗುತ್ತವೆ, ಪಿತ್ತಪ್ರವಾಹಕ್ಕೆ ಅಡ್ಡಿಯಾಗುತ್ತವೆ. 1993ರಷ್ಟು ಹಿಂದೆಯೇ ಲಂಡನ್ನಿನ ವೈದ್ಯರು ಯಕೃತ್ತು ಕೆಟ್ಟ ಇಂತಹ ಮಕ್ಕಳ ರಕ್ತದಲ್ಲಿ ಈ ಸ್ಟೆರಾಲುಗಳ ಆಧಿಕ್ಯವನ್ನು ಗುರುತಿಸಿದ್ದರು. ಉರಿಯೂತಕ್ಕೆ ಪ್ರೇರಕವಾಗಬಲ್ಲ ಒಮೆಗಾ-6 ಮೇದಾಮ್ಲಗಳೂ ಅದೇ ಎಣ್ಣೆಯಲ್ಲಿ ಯಥೇಚ್ಛವಾಗಿವೆ.

ಪರಿಹಾರವು ಅನಿರೀಕ್ಷಿತ ದಿಕ್ಕಿನಿಂದ ಬಂದಿತು. ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ಸೋಯಾ ಒಗ್ಗದ ರೋಗಿಯೊಬ್ಬನಿಗೆ ಯೂರೋಪಿನಿಂದ ಮೀನೆಣ್ಣೆಯ ದ್ರವವಾದ ಒಮೆಗಾವೆನ್ ಅನ್ನು ತರಿಸಿಕೊಡಲಾಯಿತು. ಔಷಧಜ್ಞೆ ಕ್ಯಾಥ್ಲೀನ್ ಗುರಾ ಮತ್ತು ಶಸ್ತ್ರವೈದ್ಯ ಮಾರ್ಕ್ ಪುಡರ್ ಇಲಿಗಳ ಮೇಲಿನ ಪ್ರಯೋಗಗಳಿಂದಲೂ ಧೈರ್ಯ ಪಡೆದು, ಕಾಮಾಲೆ ಹತ್ತಿದ್ದ ಶಿಶುಗಳಿಗೆ ಅದನ್ನೇ ಕೊಟ್ಟರು. ಇಬ್ಬರು ಶಿಶುಗಳ ಪಿತ್ತಸ್ತಂಭನವು ಇಳಿದ ವೃತ್ತಾಂತವು 2006ರಲ್ಲಿ ಪ್ರಕಟವಾಯಿತು. ಔಷಧಾಲಯದ ಕಪಾಟಿನ ಹಿಂದೆ ನಿಂತ ವ್ಯಕ್ತಿಯೊಬ್ಬರ ವಿವೇಕವು ಇಂಥ ಕಾರ್ಯಕ್ಕೆ ನಾಂದಿಯಾದುದು ನನಗೆ ಬಹಳ ಆದರಣೀಯವಾಗಿ ತೋರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಇಂತಹ ಮಕ್ಕಳಿಗಾಗಿ ಆ ದ್ರವಕ್ಕೆ ಅನುಮತಿ ನೀಡಿತು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವುಂಟು. ಸೋಯಾ ದ್ರವವನ್ನು ದಿನಕ್ಕೆ ಪ್ರತಿ ಕಿಲೋಗ್ರಾಂ ತೂಕಕ್ಕೆ 3 ಗ್ರಾಮಿನವರೆಗೂ ಕೊಡುತ್ತಿದ್ದರು; ಮೀನೆಣ್ಣೆಯನ್ನಾದರೋ 1 ಗ್ರಾಮಿನಷ್ಟೇ. ಗುಣವಾದುದು ಎಣ್ಣೆಯ ಜಾತಿಯಿಂದಲೋ, ಪ್ರಮಾಣ ತಗ್ಗಿದ್ದರಿಂದಲೋ? ಎರಡರಿಂದಲೂ ಎಂದು ಭಾವಿಸುವುದು ಯುಕ್ತವೆಂದು ನನ್ನ ಮತ. ಆದುದರಿಂದಲೇ ಅನೇಕ ಚಿಕಿತ್ಸಕರು ಸೋಯಾ ದ್ರವವನ್ನು ಮಿತಗೊಳಿಸುತ್ತಾರೆ. ಇಲ್ಲವೆ ಸೋಯಾ, ಮಧ್ಯಮ ಸರಣಿಯ ಕೊಬ್ಬು, ಆಲಿವ್, ಮೀನು ಈ ನಾಲ್ಕೂ ಎಣ್ಣೆಗಳು ಬೆರೆತ ದ್ರವವನ್ನು ಉಪಯೋಗಿಸುತ್ತಾರೆ. ಕೊಬ್ಬನ್ನು ಅತಿಯಾಗಿ ಕಡಿಮೆ ಮಾಡಿದರೆ ಬೆಳವಣಿಗೆ ಕುಂಠಿತವಾಗುವ, ಅವಶ್ಯಕ ಮೇದಾಮ್ಲಗಳ ಕೊರತೆ ತಲೆದೋರುವ ಭಯವಿರುವುದರಿಂದ ಮಗುವಿನ ತೂಕವನ್ನೂ ರಕ್ತವನ್ನೂ ಆಗಾಗ್ಗೆ ಪರೀಕ್ಷಿಸುತ್ತಿರಬೇಕು.

ಮೀನೆಣ್ಣೆಯಿಂದ ಹಳದಿ ಇಳಿದ ಮಾತ್ರಕ್ಕೆ ಯಕೃತ್ತಿನ ನಾರು ಅಳಿಸಿಹೋಗಿರುವುದೆಂದು ಹೇಳಲಾಗದು. ಅದು ಎಷ್ಟೋ ಮಕ್ಕಳಲ್ಲಿ ಹಾಗೆಯೇ ಉಳಿದಿರುವುದುಂಟು. ಆದುದರಿಂದ ಎಣ್ಣೆಯನ್ನು ಬದಲಿಸುವುದರ ಜೊತೆಗೆ ಕ್ಯಾಥೆಟರನ್ನು ಶುಚಿಯಾಗಿಡುವುದೂ, ಕರುಳು ಸಹಿಸುವಷ್ಟು ಹನಿ ಹನಿಯಾಗಿ ತಾಯಿಯ ಹಾಲನ್ನು ಬಾಯಿಂದ ಉಣಿಸುವುದೂ ಅಗತ್ಯ. ಹಾಗೆ ಉಣಿಸುತ್ತ ಹೋದಂತೆ ಉಳಿದ ತುಂಡು ಕರುಳು ತಿಂಗಳುಗಟ್ಟಲೆಯಲ್ಲಿ ಅಗಲವಾಗಿ, ಅದರ ಒಳಪೊರೆ ಹೀರುವ ಶಕ್ತಿಯನ್ನು ಹೆಚ್ಚಿಸಿಕೊಂಡು, ಅನೇಕ ಮಕ್ಕಳಿಗೆ ರಕ್ತನಾಳದ ಆಹಾರವನ್ನು ಕೊಂಚ ಕೊಂಚವಾಗಿ ಇಳಿಸಲು ಅವಕಾಶವಾಗುತ್ತದೆ.